ಆಕಾಶ ಕಳಚಿ ಬಿದ್ದ ಊರು

ಬೀದರಿನಿಂದ ಉತ್ತರಕ್ಕೆ ಹೊರಟವರು ದಾರಿಯಲ್ಲಿ ನೆಲದ ಬಣ್ಣ ಬದಲಾಗುವುದನ್ನು ಗಮನಿಸಬೇಕು. ಕೋಟೆಯ ಸುತ್ತಮುತ್ತ ಕೆಂಪು ಜಂಬಿಟ್ಟಿಗೆ. ಉದಗೀರ್ ಹತ್ತಿರವಾಗುತ್ತಿದ್ದಂತೆ ಕೆಂಪು ಕರಗಿ ಕಪ್ಪು ಎರೆ ಶುರುವಾಗುತ್ತದೆ. ನಾಂದೇಡದಲ್ಲಿ ಗೋದಾವರಿ ದಾಟಿ, ಪರಭಣಿ, ಜಿಂತೂರುಗಳನ್ನು ಹಿಂದೆ ಹಾಕಿ ವಿದರ್ಭದ ಬುಲ್ಢಾಣಾ ಜಿಲ್ಲೆಯ ಲೋಣಾರ ಸೇರುವವರೆಗೂ ಅದೇ ಎರೆ, ಅದೇ ಹತ್ತಿ, ಅದೇ ತೊಗರಿ. ನಾನು ಹೋದದ್ದು ದೀಪಾವಳಿ ಮುಗಿದ ಮೇಲೆ. ಹತ್ತಿ ಒಡೆದು ಹೊಲಗಳು ಬೆಳ್ಳಗಾಗಿದ್ದವು. ರಸ್ತೆ ಬದಿಯಲ್ಲಿ ಹೆಂಗಸರು ಸೀತಾಫಲದ ಬುಟ್ಟಿ ಇಟ್ಟುಕೊಂಡು ಕೂತಿದ್ದರು.

ಈ ಎರೆಮಣ್ಣಿನ ತಾಯಿ ಬಸಾಲ್ಟ್ ಎಂಬ ಕಪ್ಪುಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಸೀಳಿ, ಲಾವಾ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ಹೆಪ್ಪುಗಟ್ಟಿತು. ಇಂದಿಗೂ ಉಳಿದಿರುವ ಹರಹು ಸುಮಾರು 5 ಲಕ್ಷ ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಎರಡೂವರೆ ಪಟ್ಟು. ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಎರೆ ಸೀಮೆಯೂ ಇದೇ ಹಾಸಿನ ದಕ್ಷಿಣದ ಅಂಚು; ಗೋಳಗುಮ್ಮಟ ಎದ್ದಿರುವುದೂ ಇದೇ ಕಲ್ಲಿನಲ್ಲಿ. ಹೀಗಾಗಿ ಲೋಣಾರಕ್ಕೆ ಹೋಗುವ ಉತ್ತರ ಕರ್ನಾಟಕದವರಿಗೆ ಭಾಷೆ ಬದಲಾದರೂ ನೆಲ ಪರಕೀಯ ಅನ್ನಿಸುವುದಿಲ್ಲ. ಆ ಬಯಲಿನಲ್ಲಿ ಮೈ ನವಿರೇಳಿಸುವ ಸಂಗತಿಯೊಂದು ಕಾದಿದೆಯೆಂದು ನೆಲವೂ ಸುಳಿವು ಕೊಡುವುದಿಲ್ಲ.

ಊರು ದಾಟಿ ಸಣ್ಣ ಏರು ಹತ್ತಬೇಕು. ಸುತ್ತಲ ಬಯಲಿಗಿಂತ ಆ ಏರು ಇಪ್ಪತ್ತು ಮೀಟರಿನಷ್ಟು ಎತ್ತರವಿದ್ದೀತು. ಇದೂ ಒಂದು ದಿಬ್ಬವೇ ಎಂದುಕೊಂಡು ತುದಿಗೆ ಬಂದರೆ, ಮುಂದೆ ಇಡಬೇಕಾದ ಹೆಜ್ಜೆಗೆ ನೆಲವೇ ಇಲ್ಲ. ಎದುರಿಗೆ ಒಂದು ಮಹಾ ಕುಳಿ. ಆಚೆ ಅಂಚಿಗೂ ಈಚೆ ಅಂಚಿಗೂ 1.8 ಕಿಲೋಮೀಟರ್ ಅಂತರ. ಆಳ ಸುಮಾರು 140 ಮೀಟರ್. ಒಳಗೋಡೆಯ ತುಂಬ ಕಾಡು, ತಳದಲ್ಲಿ ಪಾಚಿ ಹಸಿರಿನ ದುಂಡನೆ ಕೆರೆ. ಕೆಳಗೆ ಹಾರುತ್ತಿದ್ದ ಹಕ್ಕಿಗಳ ಬೆನ್ನು ನಮಗೆ ಕಾಣುತ್ತಿತ್ತು. ಬಸ್ಸಿನಲ್ಲಿ ಬಂದಿದ್ದ ಶಾಲಾ ಮಕ್ಕಳ ದೊಡ್ಡ ಗುಂಪೊಂದು ಗಲಾಟೆ ಮಾಡುತ್ತ ಏರು ಹತ್ತಿ, ತುದಿ ಮುಟ್ಟಿದ್ದೇ ಗಪ್‌ಚುಪ್ಪಾಯಿತು. ಮೇಷ್ಟರು ಮಾತ್ರ ಪಾಠ ನಿಲ್ಲಿಸಲಿಲ್ಲ: ಭಾರತದ ಉಲ್ಕಾ ಸರೋವರ ಯಾವುದು? ಲೋಣಾರ. ಒಂದು ಅಂಕ.

ಆ ಒಂದು ಅಂಕದ ಉತ್ತರದೊಳಗೆ ಎಷ್ಟೆಲ್ಲ ಅಡಗಿದೆ ಎನ್ನುವುದು ಕುಳಿಯೊಳಗೆ ಇಳಿಯುತ್ತ ಇಳಿಯುತ್ತ ಬಿಚ್ಚಿಕೊಂಡಿತು. ಸಾವಿರಾರು ವರ್ಷಗಳಿಂದ ಜನ ಈ ಗುಂಡಿಯ ಮುಂದೆ ನಿಂತು ಇದೇನು ಎಂದು ಕೇಳಿದ್ದಾರೆ. ಭಕ್ತರು, ಶಿಲ್ಪಿಗಳು, ಮೊಗಲರ ಲೆಕ್ಕಿಗರು, ಬ್ರಿಟಿಷ್ ಅಧಿಕಾರಿಗಳು, ಭೂವಿಜ್ಞಾನಿಗಳು, ಸೂಕ್ಷ್ಮಜೀವಿಗಳ ಬೆನ್ನುಹತ್ತಿದವರು, ಎಲ್ಲರಿಗೂ ಲೋಣಾರ ಬೇರೆ ಬೇರೆ ಉತ್ತರ ಕೊಟ್ಟಿದೆ.

ಇಳಿಯುವ ದಾರಿ ಶುರುವಾಗುವುದು ಧಾರೆಯ ಬಳಿ. ಅಂಚಿನ ಬಂಡೆಯ ಸಂದಿಯಿಂದ ಹೊರಡುವ ಸಿಹಿನೀರಿನ ಬುಗ್ಗೆಯೊಂದು ಗೋಮುಖದಿಂದ ಸುರಿಯುತ್ತದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಬಯಲಿನ ಮೇಲೆ ಬಿದ್ದ ಮಳೆ ಬಸಾಲ್ಟಿನ ಬಿರುಕುಗಳಲ್ಲಿ ಇಂಗಿ, ಕುಳಿ ಕತ್ತರಿಸಿದ ಜಾಗದಲ್ಲಿ ಹೊರಬರುವ ನೀರು ಇದು. ಯಾತ್ರಿಕರು ಅಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಪಕ್ಕದ ಗುಡಿಗಳಿಗೆ ಸುತ್ತು ಬರುತ್ತಿದ್ದರು.

ಜೊತೆಗಿದ್ದ ಸ್ಥಳೀಯ ಹುಡುಗ ಮರಾಠಿ-ಹಿಂದಿ ಬೆರೆಸಿ ಮಾತಾಡುತ್ತಿದ್ದ. ಧಾರೆಯಿಂದ ಸ್ವಲ್ಪ ಕೆಳಗೆ ನಿಲ್ಲಿಸಿ, “ಸರ್, ಮೊದಲು ಈ ಕಲ್ಲು ನೋಡಿ, ಆಮೇಲೆ ದೇವರು” ಎಂದ. ದಖ್ಖನ್ನಿನ ಲಾವಾ ಪದರಗಳು ಸಾಮಾನ್ಯವಾಗಿ ಚಾಪೆ ಹಾಸಿದಂತೆ ಮಟ್ಟಸವಾಗಿರುತ್ತವೆ. ಇಲ್ಲಿ ಅಂಚಿನ ಹತ್ತಿರದ ಪದರಗಳು ಕುಳಿಯ ನಡುವಿನಿಂದ ಹೊರಕ್ಕೆ ವಾಲಿ, ಮೇಲಕ್ಕೆ ಎತ್ತಿಕೊಂಡಿವೆ. ಕೆಲವೆಡೆ ಪದರ ಪೂರ್ತಿ ಮಗುಚಿ, ಕೆಳಗಿದ್ದದ್ದು ಮೇಲೆ ಬಂದಿದೆ. ಅಲ್ಲಿಂದಾಚೆಗೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ, ಕುಳಿಯಿಂದ ಚಿಮ್ಮಿದ ಕಲ್ಲುಪುಡಿ ಬಯಲಿನ ಮೇಲೆ ಹರಡಿಕೊಂಡಿದೆ. ಹತ್ತಾರು ಮೀಟರ್ ಗಾತ್ರದ ಒಂದು ಉಲ್ಕೆ, ಸೆಕೆಂಡಿಗೆ ಹತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಅಪ್ಪಳಿಸಿದಾಗ ಗಟ್ಟಿ ಬಂಡೆ ಕ್ಷಣಕಾಲ ದ್ರವದಂತೆ ವರ್ತಿಸುತ್ತದೆ. ಆಘಾತದ ಅಲೆ ಕೆಳಕ್ಕೂ ಪಕ್ಕಕ್ಕೂ ನುಗ್ಗಿ, ಹಿಂದಿರುಗಿ, ನೆಲವನ್ನು ಹೊರಕ್ಕೆ ಎಸೆಯುತ್ತದೆ. ಬಂದ ಅತಿಥಿ ಬಹುಪಾಲು ಆವಿಯಾಗಿ, ಪುಡಿಯಾಗಿ ಹೋಗುತ್ತಾನೆ. ಉಳಿಯುವುದು ಗುಂಡಿ ಮಾತ್ರ. ಇಷ್ಟೆಲ್ಲ ಮುಗಿಯಲು ನಿಮಿಷವೂ ಬೇಕಾಗಿರಲಿಲ್ಲ. ನಾನು ಕೈಯಿಟ್ಟು ನಿಂತ ಆ ವಾಲಿದ ಬಂಡೆ ಆ ಗಳಿಗೆಯಲ್ಲಿ ವಾಲಿದ್ದು, ಇನ್ನೂ ಹಾಗೆಯೇ ನಿಂತಿದೆ.

ಕೆಳಗಿಳಿದಂತೆ ಬಿಸಿಲು ತೆಳ್ಳಗಾಗುತ್ತದೆ. ಸಾಗುವಾನಿ, ಬೇವು, ಜಾಲಿ, ಸೀತಾಫಲದ ಗಿಡಗಳು. ಮುಸಿಯಗಳ ಹಿಂಡು, ಎಲ್ಲೋ ನವಿಲಿನ ಕೂಗು. ಒಳಗಿನ ಕಾಡನ್ನೂ ಕೆರೆಯನ್ನೂ ಸೇರಿಸಿ 2000ದಲ್ಲಿ ವನ್ಯಜೀವಿಧಾಮ ಮಾಡಿದ್ದಾರೆ; ವಿಸ್ತೀರ್ಣ 4 ಚದರ ಕಿಲೋಮೀಟರಿಗೂ ಕಡಿಮೆ. ಪೊದೆಗಳ ನಡುವೆ ಅಲ್ಲಲ್ಲಿ ಪಾಳು ಗುಡಿಗಳು ತಲೆಯೆತ್ತಿವೆ: ರಾಮಗಯಾ, ವಾಘ ಮಹಾದೇವ, ಮೋರ ಮಹಾದೇವ. ಒಂದರ ಗರ್ಭಗುಡಿಯಲ್ಲಿ ಬಾವಲಿಗಳ ಸಂಸಾರ, ಇನ್ನೊಂದರ ಬಾಗಿಲವಾಡದ ಮೇಲೆ ಆಲದ ಬೇರು.

ಕೆರೆಯ ದಂಡೆಯಲ್ಲಿ ಕಮಲಜಾ ದೇವಿಯ ಗುಡಿ. ನವರಾತ್ರಿಯಲ್ಲಿ ಇಲ್ಲಿ ದೊಡ್ಡ ಜಾತ್ರೆ. ಗುಡಿಯ ಮುಂದೆಯೇ ಅತ್ತೆ-ಸೊಸೆ ಬಾವಿಯಿದೆಯಂತೆ: ಒಂದು ಬದಿಯ ನೀರು ಸಿಹಿ, ಇನ್ನೊಂದು ಬದಿಯದು ಉಪ್ಪು. ಅತ್ತೆ ಯಾರು, ಸೊಸೆ ಯಾರು ಎಂದು ಕೇಳಿದೆ. “ಅದು ಮನೆಯವರ ಮೇಲೆ ಹೋಗುತ್ತೆ ಸರ್” ಎಂದು ನಕ್ಕ ಹುಡುಗ. ಆ ವರ್ಷ ಕೆರೆ ಏರಿ ಬಾವಿ ಮುಳುಗಿದ್ದರಿಂದ ರುಚಿ ನೋಡಿ ತೀರ್ಪು ಕೊಡುವ ಅವಕಾಶ ಸಿಗಲಿಲ್ಲ.

ಕೆರೆಯ ನೀರನ್ನು ಮಾತ್ರ ಮುಟ್ಟಿ ನೋಡಿದೆ. ಬೆರಳಿಗೆ ಬೆರಳು ಉಜ್ಜಿದರೆ ಸಾಬೂನಿನ ಜಾರು. ದಂಡೆಯ ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ. ಹುಡುಗ ದೇವಿಗೆ ಒಪ್ಪಿಸುವ ಅರಿಶಿನದ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆಯನ್ನು ಎಲೆಯ ಮೇಲೆ ಹಾಕಿ, ಅದಕ್ಕೆ ಕೆರೆಯ ನೀರಿನ ನಾಲ್ಕು ಹನಿ ಬಿಟ್ಟ. ಹಳದಿ ಕಣ್ಣೆದುರೇ ಕೆಂಪಾಯಿತು. ನಮ್ಮ ಮನೆಗಳಲ್ಲಿ ಆರತಿಯ ನೀರಿಗೆ ಅರಿಶಿನ ಸುಣ್ಣ ಕಲಸಿದಾಗ ಆಗುವುದೂ ಇದೇ. ಕ್ಷಾರ ತಾಗಿದರೆ ಅರಿಶಿನದ ಕರ್ಕ್ಯುಮಿನ್ ಎಂಬ ವರ್ಣದ್ರವ್ಯ ಕೆಂಪಾಗುತ್ತದೆ. ಶುದ್ಧ ನೀರಿನ ಪಿಎಚ್ 7 ಇದ್ದರೆ ಲೋಣಾರದ್ದು ಸುಮಾರು 10. ಅಳತೆಗೋಲಿನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು ಆದ್ದರಿಂದ, ಇದು ಸಾವಿರ ಪಟ್ಟು ಹೆಚ್ಚು ಕ್ಷಾರ. ಕುಳಿಗೆ ನೀರು ಬರುವ ದಾರಿಗಳಿವೆ, ಹೋಗುವ ದಾರಿಯಿಲ್ಲ. ಬಸಾಲ್ಟ್ ಸವೆದು ಸೋಡಿಯಂ ಬಿಡುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿ ಕಾರ್ಬೊನೇಟಾಗುತ್ತದೆ, ವಿದರ್ಭದ ಬಿಸಿಲು ನೀರನ್ನಷ್ಟೇ ಆವಿಯಾಗಿಸಿ ಉಪ್ಪನ್ನು ಬಿಟ್ಟುಹೋಗುತ್ತದೆ. ಸಾವಿರಾರು ಬೇಸಿಗೆಗಳ ಸಂಚಯ ಇದು.

ಈ ಸಂಚಯದ ಮೇಲೆ ಅರಸರ ಕಣ್ಣು ಬೀಳದೆ ಇದ್ದೀತೆ? ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಲೋಣಾರದ ಹೆಸರಿದೆ. ಇದು ಪುಣ್ಯಕ್ಷೇತ್ರ ಎಂದು ಹೇಳಿ, ಜೊತೆಗೇ ಇಲ್ಲಿ ಸಾಬೂನಿಗೂ ಗಾಜಿಗೂ ಬೇಕಾದ ಸಾಮಗ್ರಿ ಸಿಗುತ್ತದೆ, ಅದರಿಂದ ಆದಾಯವಿದೆ ಎಂದು ಅವನು ದಾಖಲಿಸಿದ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯಲ್ಲಿ ಕೂರುವ ಸೋಡಾ ಹರಳುಗಳನ್ನು ಊರಿನವರು ದರ್ಜೆವಾರು ವಿಂಗಡಿಸಿ ಮಾರುತ್ತಿದ್ದರು. ಭಕ್ತನಿಗೆ ತೀರ್ಥವಾದದ್ದು ದಿವಾನನಿಗೆ ಜಮೆಯ ಬಾಬತ್ತಾಗಿತ್ತು.

ಮೀನೂ ಕಪ್ಪೆಯೂ ಬಾಳಲಾರದ ಈ ನೀರು ನಿರ್ಜೀವವೇನಲ್ಲ. ಹಸಿರು ಬಣ್ಣ ಸ್ಪಿರುಲಿನಾದಂಥ ಸೂಕ್ಷ್ಮ ಪಾಚಿಗಳದ್ದು. ಕ್ಷಾರವನ್ನೇ ಹಾಸಿ ಹೊದೆಯುವ ಬ್ಯಾಕ್ಟೀರಿಯಾಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ. ಬಟ್ಟೆ ಒಗೆಯುವ ಪುಡಿಯ ಕ್ಷಾರದಲ್ಲೂ ಕೆಡದೆ ಕೊಳೆ ಬಿಡಿಸುವ ಕಿಣ್ವಗಳು ಸಿಗುವುದು ಇಂಥ ಜೀವಿಗಳಿಂದಲೇ. ಆದ್ದರಿಂದ ಲೋಣಾರದ ಬ್ಯಾಕ್ಟೀರಿಯಾಗಳನ್ನು ವಿಜ್ಞಾನಿಗಳು ಸಾಕಿ, ಪರೀಕ್ಷಿಸಿ ನೋಡಿದ್ದಾರೆ. ಅಬುಲ್ ಫಜಲ್ ಹೇಳಿದ ಸಾಬೂನಿನ ಕತೆ ಹೀಗೆ ಪ್ರಯೋಗಾಲಯದಲ್ಲಿ ಮುಂದುವರಿದಿದೆ.

2020ರ ಜೂನಿನಲ್ಲಿ, ದೇಶವೆಲ್ಲ ಕೊರೊನಾ ಭಯದಲ್ಲಿ ಮನೆಯೊಳಗಿದ್ದಾಗ, ಈ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿತು. ಕೇಡಿನ ಸೂಚನೆ ಎಂದವರುಂಟು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ವರದಿ ಕೇಳಿತು. ಪುಣೆಯ ಆಗರಕರ್ ಸಂಶೋಧನಾ ಸಂಸ್ಥೆ ನೀರನ್ನು ಪರೀಕ್ಷಿಸಿ, ಇದು ಹ್ಯಾಲೋಆರ್ಕಿಯಾ ಎಂಬ ಲವಣಪ್ರಿಯ ಸೂಕ್ಷ್ಮಜೀವಿಗಳ ಕೆಲಸ ಎಂದಿತು. ನೀರಿಳಿದು ಉಪ್ಪು ಗಾಢವಾದಾಗ ಅವು ವಿಪರೀತ ಹೆಚ್ಚಿ, ತಮ್ಮ ಕೆಂಪು ವರ್ಣದ್ರವ್ಯವನ್ನು ನೀರಿಗೆಲ್ಲ ಹಚ್ಚಿದ್ದವು. ಮಳೆ ಹಿಡಿದ ಮೇಲೆ ಬಣ್ಣ ಇಳಿಯಿತು. ಅದೇ ವರ್ಷ ಲೋಣಾರ ರಾಮ್ಸರ್ ಜೌಗು ತಾಣಗಳ ಪಟ್ಟಿಗೂ ಸೇರಿತು. ನಾನು ಹೋದಾಗ ಗುಲಾಬಿಯ ಸುಳಿವಿರಲಿಲ್ಲ. ಗುಳುಮುಳುಕಗಳು ಮುಳುಗಿ ಏಳುತ್ತಿದ್ದವು, ಮೆಟ್ಟುಗಾಲು ಹಕ್ಕಿಗಳು ಕೆಸರಿನಲ್ಲಿ ಕೊಕ್ಕಾಡಿಸುತ್ತಿದ್ದವು.

ಕೆರೆಯ ತಳದ ಕೆಸರಿಗೂ ನೆನಪಿದೆ. ಹೊರಹರಿವಿಲ್ಲದ ಕುಳಿಗೆ ಸುತ್ತಲಿಂದ ಬಂದು ಬಿದ್ದದ್ದೆಲ್ಲ ವರ್ಷ ವರ್ಷವೂ ಪದರವಾಗಿ ಕೂತಿದೆ. ವಿಜ್ಞಾನಿಗಳು ಕೊಳವೆ ಇಳಿಸಿ ಹತ್ತು ಮೀಟರಿನಷ್ಟು ಉದ್ದದ ಕೆಸರಿನ ಕಡ್ಡಿಯನ್ನು ಹೊರತೆಗೆದು, ಅದರಲ್ಲಿ ಮಧ್ಯಭಾರತದ ಹನ್ನೊಂದು ಸಾವಿರ ವರ್ಷಗಳ ಮುಂಗಾರಿನ ಏರಿಳಿತ ಓದಿದ್ದಾರೆ. ಸುಮಾರು 4600ರಿಂದ 3900 ವರ್ಷಗಳ ಹಿಂದಿನವರೆಗೆ ಮಳೆ ಕೈಕೊಟ್ಟ ದೀರ್ಘ ಕಾಲಘಟ್ಟವೊಂದು ಅಲ್ಲಿ ಕಾಣಿಸುತ್ತದೆ. ಅತ್ತ ಸಿಂಧೂ ಕಣಿವೆಯ ದೊಡ್ಡ ನಗರಗಳು ಬೆಳೆದು, ಕಳೆಗುಂದತೊಡಗಿದ ಅವಧಿಯೂ ಅದೇ.

ಏದುಸಿರು ಬಿಡುತ್ತ ಮೇಲೆ ಹತ್ತಿ ಊರೊಳಗಿನ ದೈತ್ಯಸೂದನ ಗುಡಿಗೆ ಹೋದೆ. ಲೋಣಾರದ ಪುರಾಣ ಕೇಳಬೇಕಾದ್ದು ಇಲ್ಲೇ. ನೆಲದಡಿಯ ಗುಹೆಯಲ್ಲಿ ಅಡಗಿ ಲೋಕಕ್ಕೆ ಉಪಟಳ ಕೊಡುತ್ತಿದ್ದ ಲವಣಾಸುರನನ್ನು ಹುಡುಕಿ ಬಂದ ವಿಷ್ಣು, ಕಾಲ್ಬೆರಳಿನಿಂದ ಗುಹೆಯ ಮುಚ್ಚಳವನ್ನು ಚಿಮ್ಮಿ ಎಸೆದು ಅವನನ್ನು ಕೊಂದನಂತೆ. ಗುಹೆಯೇ ಈ ಕುಳಿ, ಅಸುರನ ರಕ್ತವೇ ನೀರು, ಮಾಂಸವೇ ಉಪ್ಪು, ದೂರ ಬಿದ್ದ ಮುಚ್ಚಳ ಒಂದು ಗುಡ್ಡ. ಕತೆಯನ್ನು ಕಟ್ಟಿದವರ ಗಮನ ಎಷ್ಟು ಸೂಕ್ಷ್ಮ ನೋಡಿ: ಮೇಲಿನಿಂದ ಬಂದ ಪೆಟ್ಟು, ಹೊರಕ್ಕೆ ಚಿಮ್ಮಿದ ನೆಲ, ಉಪ್ಪಾದ ನೀರು, ಮೂರೂ ಅದರಲ್ಲಿವೆ. ಉಲ್ಕೆ ಬಿದ್ದದ್ದನ್ನು ಅವರು ಕಂಡಿದ್ದರು ಎಂದು ಇದರಿಂದ ಹೇಳಲಾಗದು. ಕಣ್ಣೆದುರಿನ ಗುಂಡಿಯನ್ನು ಅವರು ಚೆನ್ನಾಗಿ ನೋಡಿದ್ದರು ಎಂದು ಮಾತ್ರ ಖಂಡಿತ ಹೇಳಬಹುದು.

ಗುಡಿ ಹನ್ನೆರಡು-ಹದಿಮೂರನೆಯ ಶತಮಾನದ್ದು. ಈ ಸೀಮೆ ಕಲ್ಯಾಣ ಚಾಲುಕ್ಯರ ಕೈಯಿಂದ ದೇವಗಿರಿಯ ಸೇವುಣರ ಕೈಗೆ ದಾಟಿದ ಕಾಲ. ಆ ಸೇವುಣರ ಕನ್ನಡ ಶಾಸನಗಳು ನಮ್ಮಲ್ಲಿ ಅನೇಕ ಸಿಕ್ಕಿವೆ. ಹೊರಗೋಡೆ ನಕ್ಷತ್ರದ ಮೂಲೆಗಳಂತೆ ಮಡಿಚಿ ಮಡಿಚಿ ಸಾಗುತ್ತದೆ. ಡಂಬಳದ ದೊಡ್ಡಬಸಪ್ಪನ ಗುಡಿ ಕಂಡವರಿಗೆ ಈ ಜ್ಯಾಮಿತಿಯ ಪರಿಚಯವಿರುತ್ತದೆ. ವ್ಯತ್ಯಾಸವಿರುವುದು ಕಲ್ಲಿನಲ್ಲಿ. ಬೇಲೂರು, ಹಳೇಬೀಡಿನ ಶಿಲ್ಪಿಗಳಿಗೆ ಸಿಕ್ಕಿದ್ದು ಬಳಪದ ಕಲ್ಲು: ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಅದಕ್ಕೇ ಅಲ್ಲಿ ಉಗುರಿನ ಗೆರೆ, ಸರದ ಮಣಿ ಕೂಡ ಕೆತ್ತಲು ಬಂತು. ಲೋಣಾರದವರ ಕೈಗೆ ಸಿಕ್ಕಿದ್ದು ಬಸಾಲ್ಟ್, ಉಳಿಗೆ ಸುಲಭಕ್ಕೆ ಬಗ್ಗದ ಜಾತಿ. ಇಲ್ಲಿ ಆಭರಣದ ಕುಸುರಿಗಿಂತ ಮೈಕಟ್ಟಿನ ಓಟ, ನೆರಳು-ಬೆಳಕಿನ ಆಟ ಕಣ್ಣು ಸೆಳೆಯುತ್ತವೆ. ಮಂಟಪದ ಒಳಗೆ ತಲೆಯೆತ್ತಿದರೆ ಛಾವಣಿಯ ತುಂಬ ಪುರಾಣದ ಪ್ರಸಂಗಗಳು. ಗರ್ಭಗುಡಿಯಲ್ಲಿ ವಿಷ್ಣು, ಕಾಲಡಿಯಲ್ಲಿ ಲವಣಾಸುರ. ಕಂಬದ ಒಂದು ಬದಿ, ಎಂಟು ಶತಮಾನಗಳ ಕೈ ತಾಗಿ ತಾಗಿ, ಕರಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ.

ಊರ ಹೊರಗಿನ ಮೋಠಾ ಮಾರುತಿ ಗುಡಿಯಲ್ಲಿ ಮಲಗಿದ ಹನುಮಂತ. ವಿಗ್ರಹದ ಕಲ್ಲು ಉಲ್ಕೆಯದ್ದೇ ಎಂದು ಊರಿನವರ ನಂಬಿಕೆ; ದಿಕ್ಸೂಚಿ ಹತ್ತಿರ ಹಿಡಿದರೆ ಮುಳ್ಳು ಹೊಯ್ದಾಡುತ್ತದೆ ಎನ್ನುವುದು ಅವರ ಸಾಕ್ಷಿ. ಆದರೆ ಬಸಾಲ್ಟಿನಲ್ಲೇ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜವಿದೆ. ಮುಳ್ಳು ಅಲುಗಿತು ಎಂದಮಾತ್ರಕ್ಕೆ ಕಲ್ಲು ಆಕಾಶದ್ದಾಗುವುದಿಲ್ಲ.

ಈ ಕಾಂತದ ಪರೀಕ್ಷೆ ದೊಡ್ಡವರನ್ನೂ ದಾರಿ ತಪ್ಪಿಸಿದೆ. 1823ರಲ್ಲಿ ಅಲೆಗ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಲೋಣಾರದ ಬಗ್ಗೆ ವರದಿ ಮಾಡಿದ ಮೇಲೆ, ಸುತ್ತಲೂ ಲಾವಾ ಕಲ್ಲೇ ಇದ್ದುದರಿಂದ, ಇದು ಜ್ವಾಲಾಮುಖಿಯ ಬಾಯಿ ಎಂದು ಬಹುತೇಕರು ಒಪ್ಪಿದ್ದರು. ಅಮೆರಿಕದ ಹೆಸರಾಂತ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅರಿಜೋನಾದ ದುಂಡು ಕುಳಿಯನ್ನು ಪರೀಕ್ಷಿಸಿದಾಗ, ನೆಲದಡಿ ಉಲ್ಕೆಯ ಕಬ್ಬಿಣ ಹೂತಿದ್ದರೆ ಕಾಂತದ ಮುಳ್ಳು ತೋರಿಸಬೇಕಿತ್ತು ಎಂದು ಹುಡುಕಿ, ಸಿಗದೆ, ಅದು ಹಬೆಯ ಸ್ಫೋಟದಿಂದಾದದ್ದು ಎಂಬ ತೀರ್ಮಾನಕ್ಕೆ ಬಂದ. 1896ರ ಪ್ರಬಂಧದಲ್ಲಿ ಅವನು ಅದಕ್ಕೆ ಹೋಲಿಕೆಯಾಗಿ ತೋರಿಸಿದ್ದು ನಮ್ಮ ಲೋಣಾರವನ್ನು. ವಾದ ಅಚ್ಚುಕಟ್ಟಾಗಿತ್ತು. ಮುಂದೆ ಎರಡೂ ಉಲ್ಕಾ ಕುಳಿಗಳೆಂದೇ ಸಾಬೀತಾದವು!

ಲೋಣಾರದ ಪುರಾವೆ ಸಿಕ್ಕಿದ್ದು ಕಬ್ಬಿಣದಲ್ಲಲ್ಲ, ಗಾಜಿನಲ್ಲಿ. ಕೆರೆಯ ತಳವನ್ನು ಕೊರೆದು ತೆಗೆದ ಜಜ್ಜಿದ ಕಲ್ಲುಗಳಲ್ಲಿ ಮಾಸ್ಕೆಲಿನೈಟ್ ಎಂಬ ಗಾಜು ಇತ್ತು. ಫೆಲ್ಡ್‌ಸ್ಪಾರ್ ಹರಳಿನ ಮೇಲೆ ವಾಯುಭಾರದ ಲಕ್ಷಗಟ್ಟಲೆ ಪಟ್ಟು ಒತ್ತಡ ಒಮ್ಮೆಲೇ ಬಿದ್ದಾಗ, ಹರಳಿನ ಆಕಾರ ಹಾಗೇ ಉಳಿದು ಒಳಗಿನ ಕ್ರಮ ಮಾತ್ರ ಕುಸಿದು ಗಾಜಾಗುತ್ತದೆ. ಯಾವ ಜ್ವಾಲಾಮುಖಿಗೂ ಆ ಶಕ್ತಿಯಿಲ್ಲ. ಭಾರತದ ಹಾಗೂ ಅಮೆರಿಕದ ಭೂವಿಜ್ಞಾನಿಗಳಾದ ಫ್ರೆಡ್ರಿಕ್ಸನ್, ದುಬೆ, ಮಿಲ್ಟನ್, ಬಾಲಸುಂದರಂ 1973ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಇನ್ನೊಂದು ವಿಸ್ಮಯ ಕೇಳಿ. ಮಾಸ್ಕೆಲಿನೈಟನ್ನು ಜಗತ್ತು ಮೊದಲು ಗುರುತಿಸಿದ್ದು 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ. ಆ ಶಿಲೆ ಬಂದದ್ದು ಮಂಗಳ ಗ್ರಹದಿಂದ ಎಂಬುದು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ತಿಳಿಯಿತು. ಮಂಗಳದ ಕಲ್ಲಿನಲ್ಲಿ ಕಂಡ ಗಾಜು ಮಹಾರಾಷ್ಟ್ರದ ಗುಂಡಿಯ ಗುಟ್ಟು ಬಿಚ್ಚಿತು!

ಚಂದ್ರನ ಕಪ್ಪು ಕಲೆಗಳೂ ಮಂಗಳದ ನೆಲದ ಬಹುಭಾಗವೂ ಬಸಾಲ್ಟೇ ಆದ್ದರಿಂದ, ಅಲ್ಲಿನ ಕುಳಿಗಳನ್ನು ತಿಳಿಯಬಯಸುವವರು ಲೋಣಾರಕ್ಕೆ ಬರುತ್ತಾರೆ. ಬಸಾಲ್ಟಿನಲ್ಲಿರುವ ಜಗತ್ತಿನ ಏಕೈಕ ಉಲ್ಕಾ ಕುಳಿ ಎಂದು ಫಲಕಗಳೂ ಕ್ವಿಜ್ ಪುಸ್ತಕಗಳೂ ಹೇಳುವುದುಂಟು, ಅದು ನಿಜವಲ್ಲ. ಬ್ರೆಜಿಲ್‌ನಲ್ಲಿ ವಾರ್ಜೆಯಾವೊ, ವಿಸ್ತಾ ಅಲೆಗ್ರೆ ಎಂಬ ಕುಳಿಗಳೂ ಬಸಾಲ್ಟಿನಲ್ಲೇ ಇವೆ. ಆದರೆ ಅವು ತೀರ ಹಳೆಯವು, ಸವೆದವು. ಇಷ್ಟು ಎಳೆಯದಾಗಿ, ಇಷ್ಟು ಅಚ್ಚಳಿಯದೆ ಉಳಿದಿರುವುದು ಲೋಣಾರದ ಹಿರಿಮೆ. ವಯಸ್ಸಿನ ವಿಚಾರದಲ್ಲಿ ಮಾತ್ರ ಇನ್ನೂ ಜಗಳವಿದೆ. ಒಂದು ವಿಧಾನದ ಲೆಕ್ಕದಲ್ಲಿ ಸುಮಾರು 52,000 ವರ್ಷ. ಕಲ್ಲಿನೊಳಗಿನ ಆರ್ಗಾನ್ ಅನಿಲವನ್ನು ಗಡಿಯಾರವಾಗಿಸಿಕೊಂಡ ಇನ್ನೊಂದು ವಿಧಾನದ ಪ್ರಕಾರ ಸುಮಾರು 5,70,000 ವರ್ಷ. ಎರಡರ ನಡುವೆ ಹತ್ತು ಪಟ್ಟಿಗೂ ಹೆಚ್ಚಿನ ಅಂತರ.

ಲೋಣಾರ ನೋಡಿ ನನಗನ್ನಿಸಿದ್ದು ಇಷ್ಟು. ಇತಿಹಾಸ, ಭೂಗೋಳ, ವಿಜ್ಞಾನ, ಕಲೆ ಎಂದು ನಾವು ಶಾಲೆಯಲ್ಲಿ ಬೇರೆ ಬೇರೆ ಪೀರಿಯಡ್ಡು ಮಾಡಿಕೊಂಡಿದ್ದೇವೆ. ಈ ಕುಳಿಗೆ ಆ ವಿಂಗಡಣೆ ಗೊತ್ತಿಲ್ಲ. ಕಲ್ಲು ತಿಳಿಯದೆ ಶಿಲ್ಪ ಅರ್ಥವಾಗದು, ಉಪ್ಪು ತಿಳಿಯದೆ ಅಸುರನ ಕತೆಯ ಸೊಗಸು ದಕ್ಕದು.

ಹೋಗುವವರಿಗೆ ಎರಡು ಮಾತು. ಊರಿನ ಕೊಳಚೆ, ಹಬ್ಬದ ಕಸ, ನುಗ್ಗಿ ಬೆಳೆಯುತ್ತಿರುವ ಬಳ್ಳಾರಿ ಜಾಲಿ, ಈ ಮೂರರ ಕಾಟ ಕೆರೆಗೆ ಈಗಾಗಲೇ ಇದೆ. ನಾಲ್ಕನೆಯದಾಗಿ ನಾವು ಸೇರಿಕೊಳ್ಳುವುದು ಬೇಡ. ಒಂದು ಕಲ್ಲನ್ನೂ ಜೇಬಿಗೆ ಹಾಕಿಕೊಳ್ಳಬೇಡಿ, ಒಂದು ಬಾಟಲಿಯನ್ನೂ ಅಲ್ಲಿ ಬಿಡಬೇಡಿ. ಮಳೆಗಾಲ ಮುಗಿದ ಮೇಲೆ, ಹಕ್ಕಿಗಳು ಬರುವ ಹೊತ್ತಿಗೆ ಹೋಗಿ. ಬೆಳಗ್ಗೆ ಬೇಗ ಇಳಿಯಿರಿ, ಕುಡಿಯುವ ನೀರು ಜೊತೆಗಿರಲಿ. ಮಕ್ಕಳಿದ್ದರೆ ತಪ್ಪದೆ ಕರೆದುಕೊಂಡು ಹೋಗಿ, ಅಂಚಿನಿಂದ ಫೋಟೊ ಹೊಡೆದು ವಾಪಸ್ಸು ಹೊರಡದೆ, ತಳದವರೆಗೂ ಇಳಿಸಿ.